ಬೆಳ್ಳಿಯಪ್ಪನ ಸಾವಿಗೆ ಬಂದವರು

ತಿತಿಮತಿಯ ಕಾಡಂಚಿನಲ್ಲಿ ಬೆಳ್ಳಿಯಪ್ಪ ಎಂಬ ರಿಟೈರಾದ ರೇಂಜರನಿದ್ದ. ಸರ್ಕಾರದ ಕಾಡು ಕಾಯುತ್ತಿದ್ದಷ್ಟು ಕಾಲ ಅವನು ಆನೆಗೆ ಹೆದರಲಿಲ್ಲ, ಕಳ್ಳ ನಾಟಾ ಸಾಗಿಸುವವರಿಗೆ ಹೆದರಲಿಲ್ಲ, ಕುದುರೆಯ ಮೇಲೆ ಬಂದು ಕೂಗಾಡಿ ಹೋಗುವ ಬಿಳಿ ದೊರೆಗಳಿಗೂ ಹೆದರಲಿಲ್ಲ. ಪಿಂಚಣಿ ಬಂದ ಮೇಲೆ ಅವನನ್ನು ಹೆದರಿಸಿದ್ದು ಒಂದೇ ಒಂದು, ಅವನದೇ ಮೂತ್ರ. ನಗುವವರು ನಗಬಹುದು. ಮರದ ಮರೆಯಲ್ಲಿ ಕಾಲು ಮರಗಟ್ಟುವವರೆಗೆ ನಿಂತರೂ ನಾಲ್ಕು ಹನಿ ಬೀಳದೆ, ಕಿಬ್ಬೊಟ್ಟೆ ಕಲ್ಲಾಗಿ, ಕೊನೆಗೆ ಇಗ್ಗುತಪ್ಪನಿಗೆ ಹರಕೆ ಹೊತ್ತವನಿಗೆ ಅದು ನಗುವ ವಿಷಯವಾಗಿ ಉಳಿಯುವುದಿಲ್ಲ.

ಅವನು ಅದನ್ನು ಬಹಳ ಕಾಲ ಮುಚ್ಚಿಟ್ಟ. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಹೇಳಿಕೊಳ್ಳುವುದು ಯಾರಿಗೆ? ಮನೆಯ ಕೆಲಸ ನೋಡಿಕೊಳ್ಳುತ್ತಿದ್ದ ಮಾರ ಮತ್ತು ಅವನ ಹೆಂಡತಿ ಮುದ್ದಿಗೆ ಗೊತ್ತಾಗದಿರಲೆಂದು ಕಾಡಿನಲ್ಲಿ ಅಷ್ಟು ದೂರ ನಡೆದು ಹೋಗಿ ನಿಲ್ಲುತ್ತಿದ್ದ. ಆಮೇಲೆ ಸೊಂಟ ನೋಯತೊಡಗಿತು. ಆಮೇಲೊಂದು ದಿನ ಎಲ್ಲವೂ ಕಟ್ಟಿಹೋಗಿ ಅವನು ಜಗಲಿಯ ಮೇಲೆ ಬಿದ್ದು ಒದ್ದಾಡಿದಾಗ, ಮಾರ ನಾಟಾ ಸಾಗಿಸುವ ಲಾರಿಯೊಂದನ್ನು ಅಡ್ಡಗಟ್ಟಿ ನಿಲ್ಲಿಸಿ, ಅದರ ದಿಮ್ಮಿಗಳ ಮೇಲೆಯೇ ಅವನನ್ನು ಮಲಗಿಸಿಕೊಂಡು ಮಡಿಕೇರಿ ಆಸ್ಪತ್ರೆಗೆ ತಂದ.

ಅಲ್ಲಿ ಮದರಾಸಿನಲ್ಲಿ ಓದಿ ಬಂದ ಡಾಕ್ಟರು ಮೊದಲು ರಬ್ಬರಿನ ನಳಿಗೆ ಹಾಕಿ ಅವನ ಪ್ರಾಣ ಉಳಿಸಿದರು. ಆಮೇಲೆ, ಮರ್ಯಾದಸ್ಥ ಮನುಷ್ಯ ಯಾರಿಗೂ ಬಿಡದ ಜಾಗದಲ್ಲಿ ಬೆರಳು ಹಾಕಿ ನೋಡಿದರು. ಕೈ ತೊಳೆದುಕೊಂಡು ಬಂದು ಮಂಚದ ಪಕ್ಕ ಕುಳಿತು, ಮುಚ್ಚುಮರೆ ಮಾಡದೆ ಹೇಳಿದರು.

"ಪ್ರಾಸ್ಟೇಟ್ ಅಂತ ಒಂದು ಗ್ರಂಥಿ ಇದೆ. ನಿಮ್ಮದು ಕಲ್ಲಿನ ಹಾಗಾಗಿದೆ. ಕ್ಯಾನ್ಸರ್. ಸೊಂಟದ ನೋವು ನೋಡಿದರೆ ಮೂಳೆಗೂ ಇಳಿದ ಹಾಗಿದೆ."

"ಔಷಧಿ?"

"ಬೇರುಸಹಿತ ಕೀಳುವ ಔಷಧಿ ಇಲ್ಲ. ಆದರೆ ಬೀಜ ಎರಡನ್ನೂ ತೆಗೆದರೆ ಈ ರೋಗದ ಸೊಕ್ಕು ಮುರಿಯುತ್ತದೆ. ಹೊಸ ದಾರಿ, ಈಚೆಗೆ ಹೊರದೇಶದಲ್ಲಿ ಕಂಡುಕೊಂಡದ್ದು. ಎಷ್ಟು ವರ್ಷ ಸಿಗುತ್ತದೆ ಅಂತ ನಾನು ಹೇಳಲಾರೆ."

ಬೆಳ್ಳಿಯಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಕೋವಿ ಹಿಡಿದು ಬೆಳೆದವನಿಗೆ ಇಂಥ ಮಾತು ಹೇಳುವುದಕ್ಕಿಂತ ಕೋವಿಯನ್ನೇ ಕೈಗೆ ಕೊಟ್ಟು ಹೋಗಬಹುದಿತ್ತಲ್ಲ ಎಂದುಕೊಂಡ. ಆಗ ಪಕ್ಕದ ಮಂಚದಿಂದ ತೆಳ್ಳಗಿನ ದನಿಯೊಂದು ಕೇಳಿಸಿತು.

"ಮಾಡಿಸಿಕೊಳ್ಳಿ ಸ್ವಾಮೀ. ನನ್ನದು ಹೋದ ವಾರ ತೆಗೆದರು. ಅದಕ್ಕೆ ಮೊದಲು ಮಗ್ಗುಲು ಬದಲಿಸಲಿಕ್ಕೆ ಇಬ್ಬರು ಹಿಡೀಬೇಕಿತ್ತು. ಇವತ್ತು ನಾನೇ ಎದ್ದು ಕೂತು ಸಂಧ್ಯಾವಂದನೆ ಮಾಡಿದೆ."

ತಿರುಗಿ ನೋಡಿದರೆ ಜುಟ್ಟು ಬಿಟ್ಟ, ಜನಿವಾರದ, ಕಡ್ಡಿಯಂಥ ಮುದುಕರೊಬ್ಬರು. ಹೆಸರು ತಿಮ್ಮಪ್ಪಯ್ಯ, ಮಡಿಕೇರಿಯ ಶಾಲೆಯಲ್ಲಿ ಮಾಸ್ತರರಾಗಿ ರಿಟೈರಾದವರು.

ಬೆಳ್ಳಿಯಪ್ಪ ಸುತ್ತ ನೋಡಿ ದನಿ ತಗ್ಗಿಸಿದ. "ಮತ್ತೆ ಮಾಸ್ಟ್ರೇ, ಅದು ಹೋಯಿತು ಅಂತ... ಎಂತದೂ ಅನಿಸುದಿಲ್ಲವಾ?"

"ಈ ವಯಸ್ಸಿಗೆ ಅದನ್ನ ಇಟ್ಟುಕೊಂಡು ನಾನು ಎಂತ ಮಾಡುದು? ಪಿಂಚಣಿ ಕೊಡುವಾಗ ಖಜಾನೆಯವರು ಅದನ್ನ ತೋರಿಸು ಅಂತ ಕೇಳುದಿಲ್ಲವಲ್ಲ."

ಬೆಳ್ಳಿಯಪ್ಪನಿಗೆ ನಗು ಉಕ್ಕಿತು. ನಕ್ಕಾಗ ನಳಿಗೆ ಜಗ್ಗಿ ಪ್ರಾಣ ಹೋದಂತಾಯಿತು. ಅಯ್ಯೋ ಎನ್ನುತ್ತಾ ಮತ್ತೂ ನಕ್ಕ. ಮರುದಿನ ಡಾಕ್ಟರಿಗೆ ಆಗಲಿ ಎಂದು ಹೇಳಿದ.

ಮಾಸ್ತರರು ಸುಳ್ಳು ಹೇಳಿರಲಿಲ್ಲ. ಸೊಂಟದ ನೋವು ಎಷ್ಟು ಬೇಗ ಇಳಿಯಿತೆಂದರೆ ಬೆಳ್ಳಿಯಪ್ಪನಿಗೇ ನಂಬಿಕೆ ಬರಲಿಲ್ಲ. ಕೆಲವು ವಾರ ಕಳೆದು ನಳಿಗೆ ತೆಗೆದಾಗ ಮೂತ್ರವೂ ತಾನಾಗಿ ಬಂತು. ಆಸ್ಪತ್ರೆಯ ಹಿಂದಿನ ಗೋಡೆಯ ಬಳಿ ಇಬ್ಬರು ಮುದುಕರೂ ಪಕ್ಕಪಕ್ಕ ನಿಂತು, ಯಾರದು ಗೋಡೆ ಮುಟ್ಟುತ್ತದೆ ಎಂದು ಶಾಲೆಯ ಹುಡುಗರಂತೆ ಪಂದ್ಯ ಕಟ್ಟಿದ್ದುಂಟು. ಗೆದ್ದದ್ದು ಯಾರು ಎಂಬುದರ ಬಗ್ಗೆ ಇಬ್ಬರ ನಡುವೆ ಒಮ್ಮತ ಮೂಡಲೇ ಇಲ್ಲ.

ಹೀಗೆ ಅಂಟಿದ ಸ್ನೇಹ ಆಸ್ಪತ್ರೆಯ ಬಾಗಿಲಲ್ಲಿ ಬಿಡಲಿಲ್ಲ. ತಿಮ್ಮಪ್ಪಯ್ಯನವರೂ ಒಂಟಿಯೇ. ಭಾಗಮಂಡಲದ ಕಡೆಯ ಅವರ ದಾಯಾದಿಗಳು, ಅಂಗಹೀನನಾದವನು ಇನ್ನು ಪೂಜೆಗೆ ಕೂರುವ ಹಾಗಿಲ್ಲ, ಪಂಕ್ತಿಯಲ್ಲಿ ಊಟಕ್ಕೂ ಬರದಿದ್ದರೆ ಒಳ್ಳೆಯದು ಎಂದು ಹೇಳಿ ಕಳಿಸಿದ್ದರು. ಮಾಸ್ತರರು ಒಂದು ಹಿತ್ತಾಳೆ ಚರಿಗೆ, ಒಂದು ಪಾತ್ರೆ, ಎರಡು ಪಂಚೆ ಗಂಟು ಕಟ್ಟಿಕೊಂಡು ತಿತಿಮತಿಯ ಬಸ್ಸು ಹತ್ತಿದರು. ಬೆಳ್ಳಿಯಪ್ಪನ ಮನೆಯ ಹಿಂದಿನ ಹಂಚಿನ ಕೊಟ್ಟಿಗೆಯನ್ನು ಸಾರಿಸಿ ಅಲ್ಲಿ ತಮ್ಮ ಒಲೆ ಹೂಡಿದರು. ಮುಂದಿನ ಒಲೆಯಲ್ಲಿ ಹಂದಿ ಬೇಯುವ ದಿನ ಹಿಂದಿನ ಒಲೆಗೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂಬುದೊಂದೇ ಅವರಿಬ್ಬರ ಜಗಳ.

ಒಮ್ಮೆ ಇಬ್ಬರೂ ಜಗಲಿಯ ಮೇಲೆ ಕುಳಿತಿದ್ದಾಗ ಬೆಳ್ಳಿಯಪ್ಪನಿಗೆ ಎದೆಯಿಂದ ನೆತ್ತಿಯವರೆಗೆ ಒಮ್ಮೆಲೇ ಬೆಂಕಿ ಹತ್ತಿದಂತಾಗಿ ಬೆವರು ಕಿತ್ತುಕೊಂಡು ಬಂತು. ಅದು ನಿಲ್ಲುವಷ್ಟರಲ್ಲಿ ಮಾಸ್ತರರಿಗೂ ಶುರುವಾಯಿತು. ಹೊರಗೆ ಮಳೆ ಹುಯ್ಯುತ್ತಿದೆ, ಇಬ್ಬರೂ ಅಂಗಿ ಬಿಚ್ಚಿ ಬೀಸಣಿಗೆ ಹಿಡಿದಿದ್ದಾರೆ. ಕಡುಬಿಗೆ ಅಕ್ಕಿ ಕೇರುತ್ತಿದ್ದ ಮುದ್ದಿ ನೋಡಿ ನೋಡಿ ತಡೆಯಲಾರದೆ ಹೇಳಿದಳು.

"ಅಯ್ಯಾ, ಮುಟ್ಟು ನಿಂತ ಹೆಂಗಸ್ರಿಗೆ ಹಿಂಗೇ ಆಯ್ತದೆ. ನಂಗೂ ಆಗಿತ್ತು. ಒಂದೆರಡು ವರ್ಷ, ಆಮ್ಯಾಕೆ ಸರಿ ಹೋಯ್ತದೆ."

ರೇಂಜರನ ಮುಖ ಕೆಂಪಾಯಿತು. ಮಾಸ್ತರರು ಬೀಸಣಿಗೆ ನಿಲ್ಲಿಸಿ, "ಎರಡು ವರ್ಷ ಅಂತ ಇವಳು ಭರವಸೆ ಕೊಟ್ಟಳು ನೋಡಿ ರೇಂಜರೇ, ಡಾಕ್ಟರು ಅಷ್ಟೂ ಕೊಟ್ಟಿರಲಿಲ್ಲ" ಎಂದರು. ಮೂವರೂ ನಕ್ಕರು. ಆ ಮನೆಯಲ್ಲಿ ರೋಗದ ಹೆಸರು ಹೇಳಲು ಯಾರೂ ದನಿ ತಗ್ಗಿಸುತ್ತಿರಲಿಲ್ಲ.

ಊರು ಹಾಗಿರಲಿಲ್ಲ. ಬೆಳ್ಳಿಯಪ್ಪನಿಗೆ ಎತ್ತಿಗೆ ಹೊಡೆದ ಹಾಗೆ ಬೀಜ ಹೊಡೆದಿದ್ದಾರೆ ಎಂಬ ಸುದ್ದಿ ಮಡಿಕೇರಿಯಿಂದ ಅವನಿಗಿಂತ ಮೊದಲೇ ಊರು ಸೇರಿತ್ತು. ಕಾಯಿಲೆ ಅಂಟುತ್ತದೆ ಎಂದು ಕೆಲವರು ದೂರವಾದರು, ಎಂತ ಮಾತಾಡುವುದು ಎಂದು ತಿಳಿಯದೆ ಕೆಲವರು ದೂರವಾದರು. ಗದ್ದೆಯ ಬದುವಿನಲ್ಲಿ ಎದುರಾದವರು ಆಕಾಶ ನೋಡಿಕೊಂಡು ಹೋದರು. ಬೆಳ್ಳಿಯಪ್ಪ ಅದನ್ನೆಲ್ಲ ನುಂಗಿಕೊಂಡ. ಅವನ ಕಣ್ಣಿದ್ದದ್ದು ಕೈಲುಮುಹೂರ್ತದ ಮೇಲೆ.

ನಾಟಿ ಮುಗಿದು ಮಳೆ ಸಡಿಲವಾಗುವ ಹೊತ್ತಿಗೆ ಬರುವ ಹಬ್ಬ ಅದು. ಮನೆಯ ಕೋವಿ ಕತ್ತಿಗಳಿಗೆ ಹೂವಿಟ್ಟು ಪೂಜೆ ಮಾಡಿ, ಊರವರೆಲ್ಲ ಮಂದು ಎಂದು ಕರೆಯುವ ಊರ ಬಯಲಲ್ಲಿ ಸೇರಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಆ ಊರಿನಲ್ಲಿ ಮೊದಲ ಗುಂಡು ಹಿರಿಯ ಬೇಟೆಗಾರನದು, ಎಂದರೆ ಬೆಳ್ಳಿಯಪ್ಪನದು. ಮಂದಿನಲ್ಲಿ ನಿಂತು ಆ ಒಂದು ಗುಂಡು ಹೊಡೆದರೆ ತಾನು ಇನ್ನೂ ಲೆಕ್ಕದಲ್ಲಿದ್ದೇನೆ ಎಂದು ಊರಿಗೆ ತಿಳಿಯುತ್ತದೆ. ಮತ್ತೇನೂ ಅವನಿಗೆ ಬೇಕಿರಲಿಲ್ಲ. ಆಸ್ಪತ್ರೆಯಿಂದ ಬಂದ ದಿನದಿಂದ ಕೋವಿಗೆ ಎಣ್ಣೆ ಹಾಕಿ ಒರೆಸುತ್ತಿದ್ದ. ಯುದ್ಧದಿಂದಾಗಿ ತೋಟಾ ಸಿಗುವುದೇ ದುರ್ಲಭವಾಗಿತ್ತು. ಇದ್ದ ಕೆಲವನ್ನು ಬೆಚ್ಚಗೆ ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದ.

ಜಪಾನು ಸೋತು ಯುದ್ಧ ಮುಗಿಯಿತೆಂದು ಗೋಣಿಕೊಪ್ಪಲಿನಿಂದ ಸುದ್ದಿ ಬಂದ ವಾರ, ಊರ ತಕ್ಕ ಪೆಮ್ಮಯ್ಯ ಬೆಳ್ಳಿಯಪ್ಪನ ಅಂಗಳಕ್ಕೆ ಬಂದ. ತಕ್ಕ ಎಂದರೆ ಊರಿನ ಹಿರಿತನ, ಹಬ್ಬ ಮತ್ತು ಸಾವು ಎರಡರ ಕಟ್ಟುಪಾಡೂ ಅವನ ಮಾತಿನಂತೆ. ಇಬ್ಬರೂ ಒಂದೇ ಹೊಳೆಯಲ್ಲಿ ಈಜು ಕಲಿತವರು. ಆದರೂ ಪೆಮ್ಮಯ್ಯ ಜಗಲಿ ಹತ್ತಲಿಲ್ಲ, ಕೊಡೆ ಹಿಡಿದು ಕೆಳಗೇ ನಿಂತ. ಮಾಸ್ತರರು ಎದುರಿಗಿದ್ದುದರಿಂದ ಕನ್ನಡದಲ್ಲೇ ಮಾತಾಡಿದ.

"ಆರೋಗ್ಯ ನೋಡ್ಕೊ ಬೆಳ್ಳಿಯಪ್ಪ. ಈ ವರ್ಷ ಮಂದಿಗೆ ಬರುದು ಬೇಡ."

"ಯಾಕೆ?"

"ಆಯುಧದ ಪೂಜೆ ಅದು. ಗಂಡಸರ ಹಬ್ಬ. ಜನ ಎಂತೆಲ್ಲ ಹೇಳ್ತಾರೆ. ನಿನ್ನ ಪಾಲಿನ ಪ್ರಸಾದ ಮನೆಗೇ ಕಳಿಸ್ತೇನೆ."

ಉತ್ತರಕ್ಕೂ ಕಾಯದೆ ಅವಸರವಸರವಾಗಿ ಹೊರಟುಬಿಟ್ಟ. ಬೆಳ್ಳಿಯಪ್ಪನ ಮೈಯೆಲ್ಲ ಉರಿದುಹೋಯಿತು. ಇಷ್ಟು ಅಸಹ್ಯವಾದೆನೇ ಇವನಿಗೆ, ಎರಡು ನಿಮಿಷ ನಿಲ್ಲಲಾರದಷ್ಟು? ಅಂದು ಅವನು ಊಟ ಮಾಡಲಿಲ್ಲ.

ಅದರ ಮೇಲೆ ಸಂಜೆಗೆ ಮಾರ ಇನ್ನೊಂದು ಸುದ್ದಿ ತಂದ.

"ಅಯ್ಯಾ, ತಕ್ಕನೋರ ಆಳುಗಳು ನಿಮ್ಮ ಗದ್ದೆ ಪಕ್ಕದ ಮಾವಿನ ಮರಕ್ಕೆ ಕತ್ತೀಲಿ ಗುರುತು ಹಾಕವ್ರೆ."

"ಯಾಕಂತೆ?"

"ಮಳೆಗಾಲ್ದಲ್ಲಿ ಸೌದೆಗೆ ಪರದಾಡೋದು ಬ್ಯಾಡ, ಮುಂಚೇನೇ ನೋಡಿಟ್ಕಬೇಕು ಅಂದ್ರು."

"ಯಾವ ಸೌದೆ?"

ಹೆಣ ಸುಡಲು ಮಾವಿನ ಮರ ಕಡಿಯುವುದು ಆ ಕಡೆಯ ವಾಡಿಕೆ. ಬೆಳ್ಳಿಯಪ್ಪನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಮಾಸ್ತರರು ಜಪ ಮುಗಿಸಿ ಮುಂದಿನ ಜಗಲಿಗೆ ಬಂದಾಗ, ಬೆಳ್ಳಿಯಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೀಸೆ ತಿದ್ದಿಕೊಂಡು, ಜೋಡುನಳಿಗೆಯ ಕೋವಿಗೆ ಎರಡು ತೋಟಾ ತುಂಬುತ್ತಿದ್ದ.

"ಹಂದಿ ಬಂತಾ ಗದ್ದೆಗೆ?"

"ಇಲ್ಲ ಮಾಸ್ಟ್ರೇ. ನಾನು ಸಾಯ್ತಾ ಇದ್ದೇನೆ."

ಮಾಸ್ತರರು ಚರಿಗೆ ಕೆಳಗಿಟ್ಟು ಕೋವಿಯತ್ತ ಕೈ ಚಾಚಿದರು.

"ಹೆದರಬೇಡಿ, ಆಕಾಶಕ್ಕೆ ಹೊಡೆಯುದು. ನಮ್ಮಲ್ಲಿ ಮನೆಯಲ್ಲಿ ಸಾವಾದರೆ ಒಂದರ ಬೆನ್ನಿಗೆ ಒಂದು, ಜೋಡಿ ಗುಂಡು ಹಾರಿಸ್ತಾರೆ. ಅದು ಕಿವಿಗೆ ಬಿದ್ದರೆ ಮನೆಗೊಬ್ಬರು ಬಂದೇ ಬರಬೇಕು. ಬದುಕಿದವನನ್ನ ನೋಡಲಿಕ್ಕೆ ಒಬ್ಬ ಬರಲಿಲ್ಲ. ಸತ್ತವನನ್ನ ನೋಡಲಿಕ್ಕೆ ಬರ್ತಾರಾ ನೋಡುವಾ."

"ಒಂದೇ ಹೊಡೆದರೆ?"

"ಒಂದು ಹೊಡೆದರೆ ಗಂಡುಮಗು ಹುಟ್ಟಿತು ಅಂತ."

ಮಾಸ್ತರರು ಗಂಭೀರವಾಗಿ ಯೋಚಿಸಿ ಹೇಳಿದರು. "ಹಾಗಾದರೆ ಒಂದೇ ಹೊಡೀರಿ. ಊರವರು ಇನ್ನೂ ಬೇಗ ಓಡಿ ಬರ್ತಾರೆ."

ಬೆಳ್ಳಿಯಪ್ಪ ಕೋವಿಯನ್ನು ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಆಮೇಲೆ ಅಂಗಳಕ್ಕಿಳಿದು, ನಳಿಗೆಯನ್ನು ಮೇಲಕ್ಕೆತ್ತಿ, ಒಂದರ ಬೆನ್ನಿಗೆ ಇನ್ನೊಂದು ಹಾರಿಸಿದ. ಕಾಡಿನ ಹಕ್ಕಿಗಳೆಲ್ಲ ಎದ್ದವು. ಅವನು ಕೋವಿಯನ್ನು ಗೋಡೆಗೊರಗಿಸಿ, ಮುದ್ದಿಗೆ ದೊಡ್ಡ ಹಂಡೆಯಲ್ಲಿ ಬೆಲ್ಲದ ಕಾಫಿ ಕಾಯಿಸಲು ಹೇಳಿ, ಬೆತ್ತದ ಕುರ್ಚಿಯಲ್ಲಿ ಕುಳಿತ.

ಊರು ಬಂತು. ಗದ್ದೆಯ ಕೆಸರು ತೊಳೆದುಕೊಂಡು, ಬಿಳಿ ಬಟ್ಟೆ ಉಟ್ಟುಕೊಂಡು, ಗಂಡಸರು ಹೆಗಲ ಮೇಲೆ ಕೊಡಲಿ ಇಟ್ಟುಕೊಂಡು, ಹೆಂಗಸರು ತಲೆಗೆ ಸೆರಗು ಹೊದ್ದು ಬಂದರು. ಮುಂದೆ ಬಂದವಳು ಬೆಳ್ಳಿಯಪ್ಪನ ವರಸೆಯಲ್ಲಿ ಅತ್ತಿಗೆಯಾಗುವ ಮುದುಕಿ. ಅಂಗಳದ ಬಾಗಿಲಿನ ಉಣುಗೋಲು ದಾಟುವ ಮೊದಲೇ ಅವನ ಗುಣಗಳನ್ನೆಲ್ಲ ಎತ್ತಿ ಆಡಿ ಅಳುತ್ತಾ ಬಂದವಳು, ಜಗಲಿಯ ಮೇಲೆ ಕಾಫಿ ಹೀರುತ್ತಿದ್ದ ಹೆಣವನ್ನು ಕಂಡು ನಿಂತಲ್ಲೇ ನಿಂತಳು. ಒಂದು ಗಳಿಗೆ ಬಿಟ್ಟು ಅದೇ ರಾಗದಲ್ಲಿ ಬೈಯಲು ಶುರುಮಾಡಿದಳು. ಸತ್ತವನ ಗುಣಗಳೆಲ್ಲ ಒಂದೇ ಉಸಿರಿನಲ್ಲಿ ಬದುಕಿದವನ ಅವಗುಣಗಳಾದವು.

"ಅತ್ತಿಗೆ, ಮೊದಲು ಹೇಳಿದ್ದೇ ಚೆನ್ನಾಗಿತ್ತು. ಕೂತುಕೊಳ್ಳಿ, ಕಾಫಿ ಕುಡೀರಿ," ಎಂದ ಬೆಳ್ಳಿಯಪ್ಪ.

ಎಲ್ಲರೂ ಸೇರುವವರೆಗೆ ಕಾದು ಅವನು ಎದ್ದು ನಿಂತ. ಮಾತು ಒರಟಾಗಿತ್ತು, ತಡೆತಡೆದು ಬಂತು.

"ಕೇಳಿ. ನನಗೆ ಬಂದದ್ದು ಕ್ಯಾನ್ಸರ್. ಮೂತ್ರದ ದಾರಿಯಲ್ಲಿರುವ ಗ್ರಂಥಿಯಲ್ಲಿ. ನನ್ನ ಬೀಜ ತೆಗೆದಿದ್ದಾರೆ. ಹೌದು, ಎರಡೂ. ನೀವು ಬೆನ್ನ ಹಿಂದೆ ಹೇಳಿದ್ದು ಸತ್ಯ, ಈಗ ಎದುರಿಗೇ ಹೇಳಬಹುದು. ಇದು ಅಂಟುದಿಲ್ಲ. ಈ ಮಾಸ್ಟ್ರಿಗೂ ಅದೇ ಕಾಯಿಲೆ, ನಾವಿಬ್ಬರೂ ಬದುಕಿದ್ದೇವೆ. ಒಂದು ದಿನ ಸಾಯ್ತೇವೆ, ಆ ದಿನ ಬೇರೆ ಯಾರಾದರೂ ಗುಂಡು ಹಾರಿಸ್ತಾರೆ. ಅಲ್ಲಿವರೆಗೆ ನನ್ನ ಮರದ ಮೇಲೆ ಯಾರೂ ಕತ್ತಿ ಇಡುದು ಬೇಡ. ಕೊಡಲಿ ತಂದಿದ್ದೀರಲ್ಲ, ಹಿತ್ತಲಲ್ಲಿ ಬಿದ್ದ ಹಲಸಿನ ಕೊಂಬೆ ಉಂಟು, ಕಡೀರಿ. ಮುದ್ದಿ ಎಲ್ಲರಿಗೂ ಕಡುಬು ಬೇಯಿಸ್ತಾಳೆ."

ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಯುವಕರು ಒಬ್ಬರ ಮುಖ ಒಬ್ಬರು ನೋಡಿ, ನಗು ಹತ್ತಿಕ್ಕಿಕೊಂಡು ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಕೊಡಲಿಯ ಸದ್ದು ಕೇಳಿಸಿತು. ಆಗ ಬಂದ ಪೆಮ್ಮಯ್ಯ, ಎಲ್ಲರಿಗಿಂತ ಕೊನೆಗೆ, ಕೋಲೂರಿಕೊಂಡು. ನಡೆದದ್ದನ್ನು ಕೇಳಿ ಅವನ ಮುಖ ಕಪ್ಪಿಟ್ಟಿತು.

"ಜೋಡಿ ಗುಂಡು ಆಟದ ಸಾಮಾನಲ್ಲ ಬೆಳ್ಳಿಯಪ್ಪ. ಅದು ಹಾರಿದ ಮೇಲೆ ಹೆಣ ಸುಡುವವರೆಗೆ ಊರಲ್ಲಿ ಯಾರೂ ಗದ್ದೆಗೆ ಇಳಿಯುವ ಹಾಗಿಲ್ಲ. ಈಗ ಹೆಣ ಎಲ್ಲಿ?"

"ಇಲ್ಲೇ ಕೂತಿದೆ. ನೀನೇ ಮರ ನೋಡಿ ಇಟ್ಟಿದ್ದೀಯಲ್ಲ."

"ಕಟ್ಟುಪಾಡು ಮುರಿದವನಿಗೆ ಮಂದಿನಲ್ಲಿ ಜಾಗ ಇಲ್ಲ. ನಿನ್ನೆ ಬೇಡ ಅಂತ ಹೇಳಿದ್ದೆ. ಇವತ್ತು ತಕ್ಕನಾಗಿ ಹೇಳ್ತೇನೆ, ನೀನು ಬರಕೂಡದು."

ಜನ ಬಂದರು, ಕುಳಿತರು, ಕಾಫಿಯನ್ನೂ ಕುಡಿದರು. ಆದರೆ ಬೆಳ್ಳಿಯಪ್ಪನಿಗೆ ಬೇಕಾದದ್ದು ಕೈತಪ್ಪಿತು, ಅದೂ ತಾನೇ ಮಾಡಿಕೊಂಡ ಕೆಲಸದಿಂದ.

ಪೆಮ್ಮಯ್ಯ ಬೆಂಚಿನ ಮೇಲೆ ಕುಳಿತ. ಕುಳಿತವನು ಸ್ವಲ್ಪ ಹೊತ್ತಿಗೇ ಎದ್ದು ಕೊಟ್ಟಿಗೆಯ ಹಿಂದಕ್ಕೆ ಹೋದ. ಬಹಳ ಹೊತ್ತಿನ ಮೇಲೆ ಬಂದ, ಹಣೆಯಲ್ಲಿ ಬೆವರು. ಕುಳಿತ, ಕಾಲು ಬದಲಿಸಿದ, ಮತ್ತೆ ಎದ್ದು ಹೋದ. ಮಾಸ್ತರರು ಬೆಳ್ಳಿಯಪ್ಪನ ಕಡೆ ನೋಡಿದರು, ಬೆಳ್ಳಿಯಪ್ಪ ಮಾಸ್ತರರ ಕಡೆ ನೋಡಿದ. ಆ ನಡಿಗೆ, ಆ ಬೆವರು, ಸೊಂಟಕ್ಕೆ ಕೈಯೂರಿ ಕುಳಿತುಕೊಳ್ಳುವ ಆ ರೀತಿ ಅವರಿಬ್ಬರಿಗೆ ಹೇಳಿಕೊಡಬೇಕೇ? ನಿನ್ನೆ ಅಂಗಳದಿಂದ ಓಡಿದ್ದು ಅಸಹ್ಯದಿಂದಲ್ಲ ಎಂದು ಬೆಳ್ಳಿಯಪ್ಪನಿಗೆ ಆಗ ಹೊಳೆಯಿತು.

ಮೂರನೆಯ ಸಲ ಏಳಲು ಪೆಮ್ಮಯ್ಯನಿಗೆ ಆಗಲಿಲ್ಲ. ಎದ್ದಂತೆ ಮಾಡಿ ಹಾಗೇ ಕುಳಿತುಬಿಟ್ಟ. ಅವನ ಬಿಳಿ ಪಂಚೆಯ ಮುಂಭಾಗದಲ್ಲಿ ಒದ್ದೆ ಹರಡತೊಡಗಿತು. ಅವನು ಕೋಲನ್ನು ಅಡ್ಡ ಹಿಡಿದು, ಕೈಯನ್ನು ಅಡ್ಡ ಇಟ್ಟು, ಯಾರನ್ನೂ ನೋಡದೆ ನೆಲ ನೋಡಿದ. ಇನ್ನೂ ಯಾರೂ ಕಂಡಿರಲಿಲ್ಲ. ಕಡುಬು ತಿನ್ನಲು ಎಲ್ಲರೂ ಏಳುವ ಹೊತ್ತು.

ಒಂದು ಮಾತು ಸಾಕಿತ್ತು. ಊರೆಲ್ಲ ಸೇರಿತ್ತು. ಗಂಡಸರ ಹಬ್ಬ ಎಂದವನ ಪಂಚೆ ನೋಡಿ ಎಂದು ಕೂಗಿದ್ದರೆ ಅವತ್ತಿಗೆ ಪೆಮ್ಮಯ್ಯನ ತಕ್ಕತನ ಮುಗಿಯುತ್ತಿತ್ತು. ಆ ಮಾತು ಬೆಳ್ಳಿಯಪ್ಪನ ನಾಲಿಗೆಯ ತುದಿಯವರೆಗೆ ಬಂತು, ಸಿಹಿಯಾಗಿಯೇ ಬಂತು ಎನ್ನಬೇಕು. ಅವನೇನೂ ಸಂತನಲ್ಲ. ಆದರೆ ಆ ಅಡ್ಡ ಹಿಡಿದ ಕೈ ಅವನಿಗೆ ಗೊತ್ತಿತ್ತು. ಕಾಡಿನಲ್ಲಿ ಮರದ ಮರೆಯಲ್ಲಿ ನಿಂತಿದ್ದ ಅವನದೇ ಕೈ ಅದು.

ಬೆಳ್ಳಿಯಪ್ಪ ನೀರು ತುಂಬಿದ ಚೊಂಬು ಎತ್ತಿಕೊಂಡು, ತಕ್ಕನಿಗೆ ಕುಡಿಯಲು ಕೊಡುವವನಂತೆ ನಡೆದು ಬಂದು, ಚೊಂಬನ್ನು ಅವನ ಮಡಿಲ ಮೇಲೆ ಮಗುಚಿಬಿಟ್ಟ. ಎದೆಯಿಂದ ಮೊಣಕಾಲಿನವರೆಗೆ ಪೆಮ್ಮಯ್ಯ ತೊಪ್ಪೆಯಾದ.

"ಪಾಪ, ಕೈ ನಡುಗ್ತದೆ," ಎಂದಳು ಅತ್ತಿಗೆ.

"ಚೊಂಬು ಹಿಡೀಲಿಕ್ಕೆ ಆಗದವರು ಕೋವಿ ಹಿಡೀತಾರಂತೆ," ಎಂದು ಹಿಂದಿನಿಂದ ಯಾರೋ ಗೊಣಗಿದರು. ಕೆಲವರು ನಕ್ಕರು.

ಬೆಳ್ಳಿಯಪ್ಪನಿಗೆ ಕೇಳಿಸಿತು. ಆನೆಯ ಎದುರು ನಡುಗದ ಕೈ ಅದು, ನಡುಗುವ ಕೈ ಎಂದು ಹೆಸರು ಹೊತ್ತುಕೊಂಡು ಚೊಂಬನ್ನು ಕೆಳಗಿಟ್ಟಿತು. ಆ ಮಾತು ಅವನನ್ನು ನೋಯಿಸಿತು, ತಕ್ಕನ ಆಜ್ಞೆಗಿಂತಲೂ ಹೆಚ್ಚಾಗಿ. "ಒಳಗೆ ಬಾ, ಪಂಚೆ ಬದಲಿಸುವೆಯಂತೆ," ಎಂದು ಪೆಮ್ಮಯ್ಯನ ರಟ್ಟೆ ಹಿಡಿದು ಎಬ್ಬಿಸಿ ಕೋಣೆಗೆ ಕರೆದುಕೊಂಡು ಹೋದ.

ಒಳಗೆ ಪೆಮ್ಮಯ್ಯ ಗೋಡೆ ಹಿಡಿದು ನಿಂತ. ಬೆಳ್ಳಿಯಪ್ಪ ಪೆಟ್ಟಿಗೆಯಿಂದ ಒಣಗಿದ ಪಂಚೆ ತೆಗೆದುಕೊಟ್ಟ. ಉಡುವವರೆಗೆ ಬೆನ್ನು ಹಾಕಿ ನಿಂತು ಕೇಳಿದ.

"ಯಾವಾಗಿನಿಂದ?"

"ಹೋದ ಹುತ್ತರಿ ಹಬ್ಬದಿಂದ."

"ಸೊಂಟ?"

"ರಾತ್ರಿ ಮಲಗಲಿಕ್ಕೆ ಆಗುದಿಲ್ಲ."

"ಇಷ್ಟೆಲ್ಲ ಇಟ್ಟುಕೊಂಡು ನನ್ನ ಅಂಗಳದಲ್ಲಿ ನಿಂತು ಹಾಗೆ ಹೇಳಿದೆಯಲ್ಲ ಪೆಮ್ಮಯ್ಯ."

ಪೆಮ್ಮಯ್ಯ ಅತ್ತ. ಸದ್ದಿಲ್ಲದೆ, ಭುಜ ಅಲುಗಿಸುತ್ತಾ ಅತ್ತ. "ನಿನ್ನ ಹತ್ತಿರ ಕೂತರೆ ನನ್ನದೂ ಎಲ್ಲರಿಗೆ ಗೊತ್ತಾಗ್ತದೆ ಅಂತ ಹೆದರಿದೆ. ನಿನ್ನನ್ನ ನೋಡಿದಾಗೆಲ್ಲ ನನ್ನ ಹೆಣ ನೋಡಿದ ಹಾಗೆ ಆಗ್ತಿತ್ತು. ನಾನು ಸಾಯ್ತೇನಾ?"

"ಡಾಕ್ಟರು ನೋಡದೆ ಹೇಳಲಿಕ್ಕೆ ಆಗುದಿಲ್ಲ. ಬರೀ ವಯಸ್ಸಿಗೆ ಗ್ರಂಥಿ ಊದಿಕೊಂಡಿದ್ದರೂ ಹೀಗೇ ಆಗ್ತದಂತೆ. ನನ್ನದೇ ಆದರೆ ಸಾಯ್ತೀಯ, ನಾನೂ ಸಾಯ್ತೇನೆ. ಆದರೆ ಹೀಗೆ ಕೋಲು ಅಡ್ಡ ಇಟ್ಟುಕೊಂಡು ಅಲ್ಲ. ಮೂಗು ಒರೆಸ್ಕೊ."

ಪೆಮ್ಮಯ್ಯ ಮೂಗು ಒರೆಸಿಕೊಂಡ. ಕೋಲನ್ನು ಅಲ್ಲೇ ಬಿಟ್ಟು, ಬೆಳ್ಳಿಯಪ್ಪನ ಪಂಚೆಯಲ್ಲೇ ಹೊರಗೆ ಹೋದ. ಬೆಳ್ಳಿಯಪ್ಪನಿಗೆ ಅವನು ಏನು ಮಾಡುತ್ತಾನೆಂದು ತಿಳಿಯಲಿಲ್ಲ. ಬಾಗಿಲಿಗೆ ಬಂದು ನೋಡಿದ.

ಕಡುಬಿನ ಎಲೆ ಹಿಡಿದಿದ್ದ ಊರವರ ಮುಂದೆ ತಕ್ಕ ಜಗಲಿಯ ಕಂಬ ಹಿಡಿದು ನಿಂತಿದ್ದ.

"ಬೆಳ್ಳಿಯಪ್ಪನ ಕೈ ನಡುಗಲಿಲ್ಲ. ನಾನು ಪಂಚೆಯಲ್ಲೇ ಮಾಡಿಕೊಂಡಿದ್ದೆ. ನಿಮಗೆ ಕಾಣಬಾರದು ಅಂತ ಅವನು ನೀರು ಚೆಲ್ಲಿದ."

ಯಾರೂ ನಗಲಿಲ್ಲ.

"ನನಗೂ ಅದೇ ತೊಂದರೆ ಇರಬಹುದು. ನಾಳೆ ಮಡಿಕೇರಿಗೆ ಹೋಗ್ತೇನೆ. ಹಬ್ಬದ ದಿನ ಮೊದಲ ಗುಂಡು ಬೆಳ್ಳಿಯಪ್ಪನದು. ಬೇಡ ಅನ್ನುವವರು ಮೊದಲು ನನ್ನನ್ನ ಮಂದಿನಿಂದ ಹೊರಗೆ ಹಾಕಿ, ಆಮೇಲೆ ಅವನನ್ನ ಹಾಕಿ."

ಬೇಡ ಎನ್ನುವವರು ಇರಲಿಲ್ಲ. ಇದ್ದರೂ ಅವರ ಬಾಯಲ್ಲಿ ಕಡುಬಿತ್ತು. ಬೆಳ್ಳಿಯಪ್ಪ ಬಾಗಿಲಲ್ಲೇ ನಿಂತು ಮೀಸೆ ತೀಡಿಕೊಂಡ. ಕಣ್ಣು ತುಂಬಿದ್ದನ್ನು ಹೊಗೆಯ ಮೇಲೆ ಹಾಕಿದ. ಮಾಸ್ತರರು ಮಾತ್ರ, ಈ ಕೊಡಗಿನವರ ಸಾವಿನ ಮನೆಯಷ್ಟು ಗಲಾಟೆ ತಮ್ಮ ಕಡೆಯ ಮದುವೆಯಲ್ಲೂ ಇರುವುದಿಲ್ಲ ಎಂದು ಮುದ್ದಿಗೆ ಹೇಳುತ್ತಿದ್ದರು.

ಮರುದಿನ ಮುದುಕರು ಮೂವರೂ ಮಡಿಕೇರಿಯ ಬಸ್ಸು ಹತ್ತಿದರು. ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು, ಕೆಮ್ಮಿಕೊಂಡು, ಏರಿನಲ್ಲಿ ನಿಂತು ನಿಂತು ಹೋಗುತ್ತಿತ್ತು. ಒಳಗೆ ಕಾಲಿಡಲು ಜಾಗವಿಲ್ಲ, ಸಂತೆಗೆ ಹೋಗುವವರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು, ಮೂಟೆಗಳು, ಕೋಳಿಗಳು. ಗೋಣಿಕೊಪ್ಪಲು ದಾಟುವ ಹೊತ್ತಿಗೆ ಪೆಮ್ಮಯ್ಯನ ಮುಖ ಬಿಳಿಚಿಕೊಂಡಿತು. ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ.

"ವಿರಾಜಪೇಟೆವರೆಗೆ ತಡ್ಕೊಳ್ತೇನೆ," ಎಂದು ಪಿಸುಗುಟ್ಟಿದ.

"ಯಾಕೆ ತಡ್ಕೊಳ್ಳುದು?" ಎಂದ ಬೆಳ್ಳಿಯಪ್ಪ. ಕಾಡಿನಲ್ಲಿ ಆಳುಗಳನ್ನು ಕೂಗಿ ಪಳಗಿದ ಗಂಟಲಿನಲ್ಲಿ ಮುಂದಕ್ಕೆ ಕೂಗಿದ. "ಡ್ರೈವರೇ, ಬಸ್ಸು ನಿಲ್ಲಿಸಿ. ಮೂತ್ರಕ್ಕೆ ಹೋಗಬೇಕು."

"ಏರಲ್ಲಿ ನಿಲ್ಲಿಸಿದ್ರೆ ಮತ್ತೆ ಹೊರಡಲ್ಲ ಯಜಮಾನ್ರೇ," ಎಂದ ಡ್ರೈವರು.

"ಹೊರಡದಿದ್ದರೆ ತಳ್ಳುವಾ. ನಿಲ್ಲಿಸಿ. ನಾವು ಕಾಯಿಲೆಯವರು, ಮಡಿಕೇರಿ ಆಸ್ಪತ್ರೆಗೆ ಹೋಗ್ತಾ ಇದ್ದೇವೆ. ನಾಳೆ ನಿಮಗೂ ವಯಸ್ಸಾಗ್ತದೆ."

ಬಸ್ಸು ನಿಂತಿತು. ಪೆಮ್ಮಯ್ಯ ತಲೆ ತಗ್ಗಿಸಿಕೊಂಡು ಇಳಿದ. ಅವನ ಹಿಂದೆ ಬೆಳ್ಳಿಯಪ್ಪ ಇಳಿದ, ಜನಿವಾರವನ್ನು ಕಿವಿಗೆ ಸುತ್ತಿಕೊಳ್ಳುತ್ತಾ ಮಾಸ್ತರರೂ ಇಳಿದರು. ಮೂವರೂ ರಸ್ತೆಯ ಅಂಚಿನಲ್ಲಿ, ತುಂಬಿದ ಬಸ್ಸಿಗೆ ಬೆನ್ನು ಹಾಕಿ, ಸಾಲಾಗಿ ನಿಂತರು. ಎಷ್ಟು ಹೊತ್ತಾದರೂ ನಡುವೆ ನಿಂತ ಪೆಮ್ಮಯ್ಯನಿಂದ ಏನೂ ಬರಲಿಲ್ಲ. ಹಿಂದೆ ಯಾರೋ ಕೆಮ್ಮಿದರು, ಡ್ರೈವರು ಹಾರನ್ನು ಒತ್ತಿದ.

"ಬರ್ತಾ ಇಲ್ಲ. ನೀವು ಮುಗಿಸಿ ಹತ್ತಿ, ಜನ ನೋಡ್ತಾರೆ," ಎಂದ ಪೆಮ್ಮಯ್ಯ.

"ನೋಡಲಿ," ಎಂದ ಬೆಳ್ಳಿಯಪ್ಪ. "ಬರುವಾಗ ಬರ್ತದೆ. ನೀನು ನಿಲ್ಲು."

ಅವನಿಗಾಗಲಿ ಮಾಸ್ತರರಿಗಾಗಲಿ ಆಗ ಇಳಿಯುವ ಅಗತ್ಯವೇ ಇರಲಿಲ್ಲ. ಆದರೂ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ, ಕದಲದೆ ನಿಂತೇ ಇದ್ದರು. ಡ್ರೈವರು ಇನ್ನೊಮ್ಮೆ ಹಾರನ್ನು ಒತ್ತಿ, ಪ್ರಯೋಜನವಿಲ್ಲವೆಂದು ಕಂಡು ಬೀಡಿ ಹಚ್ಚಿದ.